ರೇಡಿಯೇಟರಿಗೆ ಅರಿಶಿನ

ಹೋದ ವರ್ಷ ನಾನೊಂದು ಹಳೆಯ ಮರ್ಸಿಡಿಸ್ ಕಾರನ್ನು ಕೊಂಡೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ ಬೇಕಾಗಿತ್ತೆಂದು ಕೇಳಿದವರು ಹಲವರು. ಅವರಲ್ಲಿ ಮೊದಲಿಗಳು ನನ್ನ ಹೆಂಡತಿ. ಹಳೆಯ ಕಾವ್ಯದೊಡನೆ ಬಾಳುವವನಿಗೆ ಹಳೆಯ ಕಾರಲ್ಲದೆ ಹೊಸದು ಒಗ್ಗೀತೆ ಎಂದು ನಾನು ಹಾಸ್ಯ ಮಾಡಿದೆ. ಅವಳು ನಗಲಿಲ್ಲ. “ಕೊಳ್ಳೋದು ಕೊಂಡ್ರಿ. ಇದರ ಹೊಟ್ಟೆಗೆ ಏನು ಹಾಕ್ತೀರಿ?” ಎಂದಳು. ಅಂದು ಅದು ನನಗೆ ಕೊಂಕಾಗಿ ಕೇಳಿಸಿತು. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ವರ್ಷವೊಂದು ಕಳೆದಿದೆ.

ಕಾರು 1996ನೆಯ ಇಸವಿಯದು. ಬಲ್ಲವರು ಈ ಜಾತಿಯನ್ನು ‘ಡಬ್ಲ್ಯು 124’ ಎಂಬ ಸಂಖ್ಯೆಯಿಂದ ಕರೆಯುತ್ತಾರೆ. 1984ರಲ್ಲಿ ಜರ್ಮನಿಯಲ್ಲಿ ಹೊರಬಂದ ಈ ಮಾದರಿ ರೂಪುಗೊಂಡಾಗ ಆ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದವನು ಬ್ರೂನೋ ಸಾಕೋ ಎಂಬಾತ. ಒಟ್ಟು 25 ಲಕ್ಷಕ್ಕೂ ಮಿಕ್ಕಿ ತಯಾರಾದುವಂತೆ. ಅಲ್ಲಿ ಇದು ಬಾಡಿಗೆಯ ಟ್ಯಾಕ್ಸಿಯೂ ಆಗಿತ್ತು. ನಮ್ಮಲ್ಲಿ ಮಾತ್ರ ಶ್ರೀಮಂತಿಕೆಯ ಮುದ್ರೆಯುಂಗುರ. 1995ರಲ್ಲಿ ಆ ಸಂಸ್ಥೆ ಭಾರತದಲ್ಲಿ ಮೊಟ್ಟಮೊದಲು ಕಾರು ಜೋಡಿಸತೊಡಗಿದಾಗ, ಪುಣೆಯ ಬಳಿಯ ಪಿಂಪ್ರಿಯಲ್ಲಿ ಜೋಡಿಸಿದುದು ಇದನ್ನೇ. ಆ ಕಾಲಕ್ಕೆ ನಾನು ಬಿ.ಟಿ.ಎಸ್. ಬಸ್ಸಿನ ಮೆಟ್ಟಿಲಿನ ಮೇಲೆ ಒಂದೇ ಕಾಲೂರಿ ನೇತಾಡುತ್ತ ಕಾಲೇಜಿಗೆ ಹೋಗುತ್ತಿದ್ದ ಹುಡುಗ. ಮಹಾತ್ಮ ಗಾಂಧಿ ರಸ್ತೆಯ ದೀಪದ ಬಳಿ ಒಂದು ಮಳೆಗಾಲದ ಸಂಜೆ ಇಂಥದೊಂದು ಕಾರು ನಮ್ಮ ಬಸ್ಸಿನ ಪಕ್ಕದಲ್ಲಿ ನಿಂತಿತು. ಅದಕ್ಕೆ ಎರಡು ವೈಪರಿಲ್ಲ, ಒಂದೇ. ಆ ಒಂದು ಕೈ ನೆಟ್ಟಗೆ ಅರೆವೃತ್ತ ಬರೆಯದೆ, ಮೂಲೆ ಬಂದಾಗ ಮೈಚಾಚಿ ಮೂಲೆಯನ್ನೂ ಒರಸಿ ಹಿಂದಿರುಗುತ್ತಿತ್ತು. ಗಾಜಿನ ನೂರರಲ್ಲಿ 86 ಪಾಲನ್ನು ಅದೊಂದೇ ಒರಸುತ್ತದೆಂದು ಈಗ ತಿಳಿದಿದ್ದೇನೆ. ಒಳಗಿದ್ದವರು ಯಾರೆಂದು ನಾನು ನೋಡಲಿಲ್ಲ. ಆ ಕೈಯನ್ನು ನೋಡಿದೆ.

ನಮ್ಮ ತಂದೆಯ ಜೀವಮಾನದ ಸಂಬಳವನ್ನೆಲ್ಲ ಕೂಡಿಸಿದರೂ ಮುಟ್ಟಲಾಗದಿದ್ದ ಆ ಕಾರು ಇಂದು ಮೂರೂಕಾಲು ಲಕ್ಷಕ್ಕೆ ನನ್ನ ಮನೆಯ ಮುಂದೆ ಬಂದು ನಿಂತಿತು. ಕಾಲವೆಂಬುದು ಇಷ್ಟು ದೊಡ್ಡ ರಿಯಾಯಿತಿ ಕೊಡುವುದಾದರೆ ಮನುಷ್ಯ ಕಾಯಲಾರನೆ ಎಂದು ಬೀಗಿದೆ. ಆದರೆ ಈ ವ್ಯಾಪಾರದಲ್ಲಿ ಒಂದು ಮರ್ಮವಿದೆ. ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಸಾಮಾನ್ಯನ ಕೈಗೆ ಎಟುಕುವವರೆಗೂ ಅದು ಇಳಿದು ಬರುತ್ತದೆ, ಅದರ ಹಸಿವು ಮಾತ್ರ ಸಾಹುಕಾರನ ಹಸಿವಾಗಿಯೇ ಉಳಿದಿರುತ್ತದೆ.

‘ಯೋಗಕ್ಷೇಮ’ ಎಂಬ ಮಾತನ್ನು ನಾವು ಕಾಗದ ಬರೆಯುತ್ತಿದ್ದ ಕಾಲದಲ್ಲಿ ಎಷ್ಟು ಸಲ ಬರೆದಿಲ್ಲ! ಅದು ಒಂದು ಮಾತಲ್ಲ, ಎರಡು. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ ಎಂದು ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಬಿಡಿಸಿದ್ದಾರೆ. ತರಗತಿಯಲ್ಲಿ ನಾನು ಈ ಸಮಾಸವನ್ನು ಹಲವು ವರ್ಷ ಬಿಡಿಸಿ ಹೇಳಿದ್ದೇನೆ. ಅದರ ಉತ್ತರಾರ್ಧದ ಭಾರ ತಿಳಿದದ್ದು ಈ ಕಾರು ಬಂದ ಮೇಲೆ. ಯೋಗಕ್ಕೆ ಒಂದು ದಿನ ಸಾಕು: ಸಹಿ, ಹಣ, ಬೀಗದ ಕೈ, ಒಂದು ನಿಂಬೆಹಣ್ಣು. ಕ್ಷೇಮಕ್ಕೆ ಮುಹೂರ್ತವೂ ಇಲ್ಲ, ಮುಕ್ತಾಯವೂ ಇಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಕ್ಷೇಮವೆಂಬುದು ಪಂಚಾಂಗದೊಳಗೇ ಸೇರಿತ್ತು. ಕಲಾಯಿಯವನು ಬೀದಿಯಲ್ಲಿ ಕೂಗಿದನೆಂದರೆ ಅಜ್ಜಿ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಹೊರಗಿಡುತ್ತಿದ್ದಳು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ವಿಷ. ಆಯುಧಪೂಜೆಯೂ ಮೊದಲು ಇಂಥದೇ ಆಗಿದ್ದಿರಬೇಕು, ಆಯುಧವನ್ನು ಇಳಿಸಿ, ತೊಳೆದು, ಎಣ್ಣೆ ಕೊಟ್ಟು, ಒಂದು ದಿನ ವಿಶ್ರಾಂತಿ ಕೊಡುವುದು. ಈಗ ಕುಂಬಳಕಾಯಿ ಒಡೆಯುತ್ತೇವೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಕುಡಿದು ಕುಡಿದು ಕೆಡುತ್ತದೆ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು ಎಂಬುದನ್ನು ಮರೆಯುತ್ತೇವೆ.

ಕಾರಿನೊಡನೆ ನನಗೊಂದು ಕಡತವೂ ಬಂತು. ಮೊದಲ ಒಡೆಯರು ವೈದ್ಯರು. ಪ್ರತಿಯೊಂದು ರಸೀತಿಯ ಮೇಲೂ ತಾರೀಖು, ಓಡಿದ ಕಿಲೋಮೀಟರು, ಮಾಡಿದ ಕೆಲಸ ಇವನ್ನು ಶಾಯಿಯಲ್ಲಿ ಬರೆದಿದ್ದಾರೆ. ವೈದ್ಯರಾದರೂ ಅಕ್ಷರ ದುಂಡಾಗಿದೆ. ಬ್ರೇಕಿನ ಎಣ್ಣೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಗಿದೆ. ಒಂದು ಕಡೆ “ವೈಪರಿನ ಹಲ್ಲುಚಕ್ರಕ್ಕೆ ಗ್ರೀಸ್” ಎಂದಿದೆ. ಆ ಕೈ ಮೂಲೆಗೆ ಚಾಚುವುದು ಒಳಗಿನ ಸಣ್ಣ ಹಲ್ಲುಗಳಿಂದ. ಗ್ರೀಸು ಒಣಗಿದರೆ ಅದು ನರಳುತ್ತದೆ. 2009ಕ್ಕೆ ಅವರ ಬರಹ ನಿಂತಿದೆ. ಅಲ್ಲಿಂದಾಚೆಗೆ ಕಡತದಲ್ಲಿ ವಿಮೆಯ ಕಾಗದಗಳೂ, ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿದ ಕಾಗದಗಳೂ ಅಲ್ಲದೆ ಬೇರೇನೂ ಇಲ್ಲ. ಸರ್ಕಾರ ಕೇಳಿದ್ದೆಲ್ಲ ನಡೆದಿದೆ, ಕಾರು ಕೇಳಿದ್ದು ನಡೆದಿಲ್ಲ.

ನನಗೆ ಮಾರಿದವರು ಮೂರನೆಯ ಒಡೆಯರು, ನಿವೃತ್ತ ಅಧಿಕಾರಿಗಳು, ಸೌಮ್ಯರು. ಕಾಫಿ ಕೊಟ್ಟರು. “ನನಗಂತೂ ಈ ಗಾಡಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ” ಎಂದರು.

ಎರಡನೆಯ ತಿಂಗಳು ಮೈಸೂರಿಗೆ ಹೊರಟೆವು. ಬಿಡದಿ ದಾಟುವಷ್ಟರಲ್ಲಿ ಶಾಖದ ಮುಳ್ಳು ಏರತೊಡಗಿತು. ನಿಲ್ಲಿಸಿ, ಆರಿಸಿ, ಮುಕ್ಕಾಲು ಗಂಟೆ ಹುಣಿಸೆಮರದ ಕೆಳಗೆ ಕುಳಿತು, ನೀರು ತುಂಬಿ ನಿಧಾನವಾಗಿ ಹಿಂದಿರುಗಿದೆವು. ಮರುದಿನ ನಮ್ಮ ಮೇಸ್ತ್ರಿ ತಣ್ಣಗಾದ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳದ್ದಿ ತೋರಿಸಿದರು. ಬರಿಯ ನೀರು, ಚಹಾದ ಬಣ್ಣ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಎಂಜಿನ್ನನ್ನು ತಣಿಸಲು ನೀರಿನೊಡನೆ ಸುಮಾರು ಸಮಪಾಲು ಕೂಲೆಂಟ್ ಬೆರೆಸುತ್ತಾರೆ. ಅದು ಹಿಮದ ದೇಶದಲ್ಲಿ ನೀರು ಗಡ್ಡೆಕಟ್ಟದಂತೆ ತಡೆಯುತ್ತದೆ. ನಮ್ಮಲ್ಲಿ ಹಿಮವೆಲ್ಲಿ ಎಂದು ಜನ ಅದನ್ನು ಬಿಟ್ಟು ನಲ್ಲಿಯ ನೀರು ಹೊಯ್ಯುತ್ತಾರೆ. ಆದರೆ ಅದರ ಕೆಲಸ ಅದೊಂದೇ ಅಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ತೆರೆದ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕೂಲೆಂಟೂ, ಪ್ರೆಷರ್ ಕುಕ್ಕರಿನಂತೆ ಒತ್ತಡ ಹಿಡಿಯುವ ಮುಚ್ಚಳವೂ ಸೇರಿ ಆ ಕುದಿಯನ್ನು ಎಷ್ಟೋ ಮೇಲಕ್ಕೆ ತಳ್ಳುತ್ತವೆ. ಲೋಹ ತುಕ್ಕು ಹಿಡಿಯದಂತೆ ಕಾಯುವುದೂ ಕೂಲೆಂಟೇ. ಈ ಎಂಜಿನ್ನಿನ ಮೈ ಬೀಡುಕಬ್ಬಿಣದ್ದು, ತಲೆ ಅಲ್ಯುಮಿನಿಯಮ್ಮಿನದು. ಬಿಸಿಯಾದಾಗ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ನಡುವೆ ಒಂದು ತೆಳ್ಳನೆಯ ಗ್ಯಾಸ್ಕೆಟ್ ಕುಳಿತು ಇಬ್ಬರನ್ನೂ ಸೈರಿಸಿಕೊಳ್ಳುತ್ತದೆ, ಅತ್ತೆ ಸೊಸೆಯರ ನಡುವಣ ಮಗನಂತೆ. ಕೊಳವೆಬಾವಿಯ ಗಡಸು ನೀರು ವರ್ಷಗಟ್ಟಲೆ ಹರಿದರೆ ಒಳಗೆಲ್ಲ ನಮ್ಮ ಬಚ್ಚಲ ಹಂಡೆಯಲ್ಲಿ ಕಟ್ಟುವಂಥದೇ ಸುಣ್ಣದ ಪದರ ಕಟ್ಟುತ್ತದೆ. ಶಾಖ ಹೊರಕ್ಕೆ ಹೋಗದು. ಕೊನೆಗೆ ಸೋಲುವುದು ಆ ನಡುವಿನವನು.

ಮೇಸ್ತ್ರಿ ರೇಡಿಯೇಟರಿನ ತಳದ ಕೆಸರನ್ನು ಕಾಗದದ ಮೇಲೆ ಸವರಿ ಮೂಸಿದರು. ಕಂದಿದ ಹಳದಿ. “ಯಾರೋ ಅರಿಶಿನ ಹಾಕವ್ರೆ ಸಾರ್” ಎಂದರು. ಸೋರುವ ರೇಡಿಯೇಟರಿಗೆ ಒಂದು ಹಿಡಿ ಅರಿಶಿನದ ಪುಡಿ ಹಾಕುವುದು ನಮ್ಮ ಹೆದ್ದಾರಿಗಳ ಹಳೆಯ ಮನೆಮದ್ದು. ಪುಡಿ ಹರಿದುಹೋಗಿ ಸೀಳಿನಲ್ಲಿ ಕುಳಿತು ನೆನೆದು ಊದಿಕೊಂಡು ತೂತನ್ನು ಮುಚ್ಚುತ್ತದೆ. ಕೆಲವು ಕಾಲ ಸೋರಿಕೆ ನಿಲ್ಲುತ್ತದೆ. ಅದೇ ಪುಡಿ ನೀರು ಹರಿಯಬೇಕಾದ ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ಈಗ ಇದೇ ಕೆಲಸಕ್ಕೆ ಡಬ್ಬಿಯ ಔಷಧಗಳು ಬಂದಿವೆ.

ಮೇಸ್ತ್ರಿ ಲೆಕ್ಕ ಹಾಕಿದರು. ರೇಡಿಯೇಟರು, ನೀರಿನ ಪಂಪು, ರಬ್ಬರಿನ ಕೊಳವೆಗಳು. ತಲೆ ಬಿಚ್ಚಿ, ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ಟು. ಜೆ.ಸಿ. ರಸ್ತೆಯಲ್ಲಿ ಎಷ್ಟು ಅಲೆದರೂ ಒಂದು ಲಕ್ಷದ ಹತ್ತಿರ ಬರುತ್ತದೆ. ಆ ವರ್ಷ ನಮ್ಮ ಮನೆಯ ತಾರಸಿಯೂ ಸೋರುತ್ತಿತ್ತು. ಅದರ ರಿಪೇರಿಗೆಂದು ನನ್ನ ಹೆಂಡತಿ ಚೀಟಿ ಕಟ್ಟಿ ಕೂಡಿಸಿದ್ದ ಹಣವೂ ಹೆಚ್ಚು ಕಡಮೆ ಅಷ್ಟೇ.

ಈ ಹೊತ್ತಿಗೆ ಸರಿಯಾಗಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾರಿನ ಸುತ್ತ ಮೂರು ಪ್ರದಕ್ಷಿಣೆ ಬಂದು, “ಸಾರ್, ಕೊಡೋದಾದ್ರೆ ನನಗೇ ಕೊಡಿ. ನಾಲ್ಕು ಲಕ್ಷ ಕೊಡ್ತೀನಿ” ಎಂದ. ಅವನ ಕಣ್ಣು ನಿಂತದ್ದು ಆ ವೈಪರಿನ ಮೇಲೆ.

ರಾತ್ರಿ ನಿದ್ದೆ ಬರಲಿಲ್ಲ. ಮೇಸ್ತ್ರಿಯವರ ಸಹಾಯಕ ಹುಡುಗ ಆಗಲೇ ಮೆಲ್ಲಗೆ ಹೇಳಿದ್ದ, ಒಂದು ಡಬ್ಬಿ ಸುರಿದರೆ ಆರು ತಿಂಗಳು ಮಾತಿಲ್ಲ ಎಂದು. ನಾನು ಮನಸ್ಸಿನಲ್ಲೇ ವಾಕ್ಯ ಹೊಂದಿಸತೊಡಗಿದೆ. ಸುಳ್ಳು ಹೇಳುವುದು ಬೇಡ, ಅಷ್ಟು ಕೆಳಗಿಳಿಯಲಾರೆ. “ಗಾಡಿ ಚೆನ್ನಾಗಿ ಓಡುತ್ತಿದೆ, ಮೇಸ್ತ್ರಿ ನೋಡಿದ್ದಾರೆ.” ಎರಡೂ ನಿಜ. ವಾಕ್ಯವನ್ನು ತಿದ್ದಿ ತಿದ್ದಿ ನೋಡುತ್ತಿರುವಾಗ, ನಾನು ಬರೆಯುತ್ತಿರುವುದು ಆ ನಿವೃತ್ತ ಅಧಿಕಾರಿಗಳ ವಾಕ್ಯವನ್ನೇ ಎಂದು ಹೊಳೆದು ಮೈ ಬೆವರಿತು. ಅವರ ಕಾಫಿಯ ರುಚಿ ಕೂಡ ನಾಲಗೆಗೆ ಬಂತು.

ಈ ಪ್ರಶ್ನೆ ಹಳೆಯದು. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಎತ್ತಿಕೊಂಡಿದ್ದಾನೆ. ಒಬ್ಬ ಮನೆ ಮಾರುತ್ತಾನೆ. ಮನೆಯ ದೋಷ ಅವನೊಬ್ಬನಿಗೇ ಗೊತ್ತು. ಹೇಳಬೇಕೆ? ಬ್ಯಾಬಿಲೋನಿನ ಡಯೋಜಿನೀಸ್ ಎಂಬ ತತ್ತ್ವಜ್ಞನ ಪಕ್ಷ, ಮೌನವೆಂಬುದು ವಂಚನೆಯಲ್ಲ, ಕೊಳ್ಳೆಂದು ಯಾರೂ ಬಲಾತ್ಕರಿಸಿಲ್ಲ ಎಂದು. ಅವನ ಶಿಷ್ಯ ಆಂಟಿಪೇಟರನ ಪಕ್ಷ, ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತ ಇದು ಕೀಳು ಎಂದು. ಸಿಸೆರೋ ಶಿಷ್ಯನ ಕಡೆಗೆ ವಾಲುತ್ತಾನೆ. ನಮ್ಮ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಪ್ರಕರಣವೇ ಇದೆ, ಹೆಸರು ‘ವಿಕ್ರೀತಕ್ರೀತಾನುಶಯ’. ಅನುಶಯವೆಂದರೆ ಪಶ್ಚಾತ್ತಾಪ. ಕೊಟ್ಟ ಕೊಂಡ ಮೇಲೆ ಮನಸ್ಸು ಬದಲಾದರೆ ವ್ಯಾಪಾರಿಗೆ ಒಂದು ರಾತ್ರಿ, ಬೇಸಾಯಗಾರನಿಗೆ ಮೂರು ರಾತ್ರಿ, ದನಗಾಹಿಗೆ ಐದು ರಾತ್ರಿ ಅವಧಿ. ಮೇಷ್ಟ್ರಿಗೆ ಎಷ್ಟೆಂದು ಕೌಟಿಲ್ಯ ಹೇಳಿಲ್ಲ. ರೋಗವಿರುವ ನಾಲ್ಕು ಕಾಲಿನ ಪ್ರಾಣಿಯನ್ನು ಆರೋಗ್ಯವಾಗಿದೆಯೆಂದು ಹೇಳಿ ಮಾರಿದರೆ 12 ಪಣ ದಂಡ ಎಂದಿದ್ದಾನೆ. ನನ್ನ ಪ್ರಾಣಿಗೆ ನಾಲ್ಕು ಚಕ್ರಗಳಿದ್ದುದರಿಂದ ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತೆ. 1930ರ ನಮ್ಮ ಸರಕು ಮಾರಾಟದ ಕಾಯ್ದೆಯಾದರೋ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೊಳ್ಳುವವನೇ ಎಚ್ಚರವಾಗಿರಲಿ ಎನ್ನುತ್ತದೆ.

ಆದರೆ ನನ್ನನ್ನು ಕಾಡಿದುದು ಗ್ರಂಥಗಳಲ್ಲ, ಅರಿಶಿನ. ರಾತ್ರಿ ಘಟ್ಟದ ಮೇಲೆ ರೇಡಿಯೇಟರು ಸೋರಿತೆಂದು ಲಾರಿಯವನು ಅರಿಶಿನ ಹಾಕುತ್ತಾನೆ. ಮುಂದಿನ ಊರು ಮುಟ್ಟಬೇಕು, ಮುಟ್ಟಿದ ಮೇಲೆ ಬೆಸುಗೆ ಹಾಕಿಸಬೇಕು. ಅದು ಕ್ಷೇಮದ ಭಾಗವೇ. ಮಾರುವವನೂ ಅದೇ ಅಂಗಡಿಯ ಅದೇ ಅರಿಶಿನವನ್ನು ಹಾಕುತ್ತಾನೆ. ರೇಡಿಯೇಟರಿಗೆ ಇಬ್ಬರೂ ಒಂದೇ. ಒಬ್ಬನು ತಾನೇ ತಲಪಬೇಕಾದ ಊರಿಗಾಗಿ ಹಾಕಿದ, ಇನ್ನೊಬ್ಬನು ಬೇರೆಯವನೊಬ್ಬ ನಡುದಾರಿಯಲ್ಲಿ ನಿಲ್ಲಲೆಂದು ಹಾಕಿದ. ನಿಲ್ಲಲೆಂದೇ ಹಾಕಿದನೆ? ಇಲ್ಲ, ಎಲ್ಲಿ ನಿಂತರೂ ತಾನಲ್ಲ ಎಂದು ಹಾಕಿದ. ಒಡೆತನವನ್ನು ಬಿಡುವ ಹೊತ್ತಿಗೆ ಮನುಷ್ಯನಿಗೆ ಆ ವಸ್ತುವಿನ ಮೇಲೆ ಏನು ಉಳಿಯುತ್ತದೆ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಂಡಿತು. ವೈದ್ಯರು 2009ರವರೆಗೆ ಅಷ್ಟು ದುಂಡಾಗಿ ಬರೆದಿಟ್ಟದ್ದು ತಮಗಾಗಿ ಮಾತ್ರವೆಂದು ನನಗನ್ನಿಸುವುದಿಲ್ಲ. ಓದುವವನು ಯಾರೆಂದು ತಿಳಿಯದೆ ಬರೆದರು. ಹದಿನೈದು ವರ್ಷ ಕಳೆದ ಮೇಲೆ ಓದಿದವನು ನಾನು.

ಬೆಳಗ್ಗೆ ಹುಡುಗನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ: ಗ್ಯಾಸ್ಕೆಟ್ಟು, ಸುಣ್ಣ, ಅರಿಶಿನ. “ಹೇಳಿದ್ದು ಒಳ್ಳೇದಾಯ್ತು ಸಾರ್, ಯೋಚನೆ ಮಾಡ್ತೀನಿ” ಎಂದ. ಮತ್ತೆ ಫೋನು ಬರಲಿಲ್ಲ. ಬರಬೇಕಾಗಿಯೂ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಓದುಗರ ಮುಂದೆ ಹರಿಶ್ಚಂದ್ರನಾಗಿ ನಿಲ್ಲಬಹುದಾಗಿತ್ತು. ಹರಿಶ್ಚಂದ್ರನ ಕತೆಯಲ್ಲಿ ನನಗೆ ಯಾವಾಗಲೂ ಒಂದು ಮುಜುಗರ. ಸತ್ಯ ಅವನದು, ಮಾರಾಟವಾದವಳು ಚಂದ್ರಮತಿ. ನಾನು ಫೋನಿಟ್ಟು ಒಳಗೆ ಬಂದು ಹೆಂಡತಿಗೆ ಹೇಳಿದಾಗ ಅವಳು, “ಹೇಳಿದ್ದು ಸರಿ. ಆ ಹುಡುಗ ನಮ್ಮನೇಲಿ ಊಟ ಮಾಡಿದ್ದಾನೆ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾರಸಿಗೆ ಏನು ಮಾಡೋಣ?” ಎಂದಳು. ನನ್ನ ಸತ್ಯಕ್ಕೆ ಬೆಲೆ ತೆರಬೇಕಾಗಿದ್ದುದು ಅವಳ ಚೀಟಿಯ ಹಣ. ಪಡೆದದ್ದನ್ನೆಲ್ಲ ಕಾಪಾಡಬೇಕೆನ್ನುವುದು ಸುಲಭ. ಯಾವುದನ್ನು ಮೊದಲು ಎಂದು ಕೇಳಿದಾಗ ಕಾರಿಗೆ ಮೊದಲ ಸಾಲಿನಲ್ಲಿ ನಿಲ್ಲುವ ಹಕ್ಕಿಲ್ಲ. ಅದು ನನ್ನ ಹುಡುಗತನದ ಆಸೆ. ತಾರಸಿಯ ಕೆಳಗೆ ಮಲಗುವವರು ನಾಲ್ವರು. ವಸ್ತುವಿನ ಮೇಲಿನ ಅಕ್ಕರೆಗೆ ಧರ್ಮದ ಹೆಸರು ಕೊಟ್ಟು ನಾನೇ ನನಗೆ ಸ್ವಲ್ಪ ಅರಿಶಿನ ಹಾಕಿಕೊಳ್ಳುತ್ತಿದ್ದೇನೆಯೋ ಎಂಬ ಸಂಶಯ ನನಗೆ ಇಂದಿಗೂ ಹೋಗಿಲ್ಲ.

ತಾರಸಿ ಮೊದಲಾಯಿತು. ಕಾರು ಏಳು ತಿಂಗಳು ಹೊದಿಕೆಯ ಕೆಳಗೆ ನಿಂತಿತ್ತು. ಒಂದೊಂದು ತಿಂಗಳು ಉಳಿದದ್ದರಲ್ಲಿ ಒಂದೊಂದು ಭಾಗ ತಂದೆ. ಮೇಸ್ತ್ರಿ ಕೂಲಿಯನ್ನು ಮೂರು ಕಂತು ಮಾಡಿದರು. ಹೋದ ವಾರ ತಲೆ ಕೂಡಿಸಿ, ಕೂಲೆಂಟ್ ತುಂಬಿ, ನಿಲ್ಲಿಸಿದಲ್ಲೇ ಒಂದು ಗಂಟೆ ಓಡಿಸಿದೆವು. ಮುಳ್ಳು ಅಲುಗಲಿಲ್ಲ. ಮೈಸೂರಿನವರೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಮನೆಗೆ ಬರುವಾಗ ಮಳೆ ಹಿಡಿದುಕೊಂಡಿತು. ವೈಪರು ಮೂಲೆಗೆ ಚಾಚುವಾಗ ನರಳಿತು. ರಾತ್ರಿ ವೈದ್ಯರ ಕಡತವನ್ನು ತೆಗೆದು, ಅವರ ಕೊನೆಯ ರಸೀತಿಯ ಹಿಂದೆ ಒಂದು ಬಿಳಿಯ ಹಾಳೆ ಸೇರಿಸಿ, ತಾರೀಖನ್ನೂ ಕಿಲೋಮೀಟರನ್ನೂ ಬರೆದು, ಮಾಡಿಸಿದ ಕೆಲಸವನ್ನು ಒಂದೊಂದಾಗಿ ಬರೆದೆ. ರೇಡಿಯೇಟರಿನಲ್ಲಿ ಅರಿಶಿನ ಸಿಕ್ಕಿತೆಂಬುದನ್ನೂ ಬರೆದೆ. ಕೊನೆಯಲ್ಲಿ, ವೈಪರಿಗೆ ಗ್ರೀಸ್ ಆಗಬೇಕು ಎಂದು ಗುರುತು ಮಾಡಿಟ್ಟೆ.