ನ್ಯಾಯಾಲಯಕ್ಕೆ ಕೊಟ್ಟ ಮಾತು

1965ರ ಜನವರಿ 25ರಂದು ಜೋಹಾನ್ಸ್‌ಬರ್ಗಿನ ನ್ಯಾಯಾಲಯದಲ್ಲಿ ಕಮ್ಯುನಿಸ್ಟರ ಮೇಲಿನ ಮೊಕದ್ದಮೆ ಮುಂದುವರಿಯಬೇಕಾಗಿದ್ದಾಗ ಪ್ರಮುಖ ಆರೋಪಿ ಬ್ರಾಮ್ ಫಿಶರ್ ಬಂದಿರಲಿಲ್ಲ. ಅವರ ಪರ ವಕೀಲ ಹೆರಾಲ್ಡ್ ಹ್ಯಾನ್ಸನ್ ಎದ್ದು ನಿಂತು ಒಂದು ಪತ್ರವನ್ನು ಓದಿದರು. ಶಿಕ್ಷೆಗೆ ಹೆದರಿ ತಾನು ತಲೆಮರೆಸಿಕೊಳ್ಳುತ್ತಿಲ್ಲ, ವರ್ಣಭೇದ ನೀತಿಯನ್ನು ದೇಶದೊಳಗೇ ಇದ್ದು ಎದುರಿಸುವುದು ಈ ಸರ್ಕಾರದ ಪ್ರತಿಯೊಬ್ಬ ನಿಜವಾದ ವಿರೋಧಿಯ ಕರ್ತವ್ಯವೆಂದು ನಂಬಿ ಹೀಗೆ ಮಾಡುತ್ತಿದ್ದೇನೆ ಎಂಬುದು ಅದರ ಸಾರ. ಕೆಲವೇ ತಿಂಗಳ ಹಿಂದೆ ಇದೇ ಫಿಶರ್, ಪೇಟೆಂಟ್ ವ್ಯಾಜ್ಯವೊಂದರಲ್ಲಿ ವಾದಿಸಲು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗಬೇಕೆಂದು ಜಾಮೀನು ಕೇಳಿದ್ದರು. ತಿರುಗಿ ಬರುತ್ತೇನೆಂದು ಮಾತು ಕೊಟ್ಟು ಹೋದರು, ಅಲ್ಲೇ ಉಳಿದುಬಿಡಿ ಎಂದು ಗೆಳೆಯರು ಒತ್ತಾಯಿಸಿದರೂ ಕೇಳದೆ ಮರಳಿ ಬಂದರು. ಒಮ್ಮೆ ಪ್ರಾಣಕ್ಕಿಂತ ಹೆಚ್ಚಾಗಿ ಉಳಿಸಿಕೊಂಡ ಮಾತನ್ನು ಮತ್ತೊಮ್ಮೆ ತಿಳಿದೂ ತಿಳಿದೂ ಮುರಿದ ಈ ಮನುಷ್ಯ ಮಾಡಿದ್ದು ಧರ್ಮವೋ ಅಧರ್ಮವೋ?

ಇಂಥ ಪ್ರಶ್ನೆಗೆ ಕನ್ನಡದ ಮನಸ್ಸು ಥಟ್ಟನೆ ಕೊಡುವ ಉತ್ತರ ಒಂದೇ. ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಮರಳಿದ ಪುಣ್ಯಕೋಟಿಯ ಹಾಡು ಕೇಳಿಕೊಂಡು, ರಾಘವಾಂಕನ ಹರಿಶ್ಚಂದ್ರನನ್ನು ಓದಿಕೊಂಡು ಬೆಳೆದ ಮನಸ್ಸು ಅದು. ಆದರೆ ನಮ್ಮ ಪರಂಪರೆಯಲ್ಲೇ ಇನ್ನೊಂದು ಧ್ವನಿಯೂ ಇದೆ. ಗಾಂಡೀವವನ್ನು ಇನ್ನೊಬ್ಬರಿಗೆ ಒಪ್ಪಿಸು ಎಂದವರನ್ನು ಕೊಲ್ಲುತ್ತೇನೆಂಬ ಪ್ರತಿಜ್ಞೆಗೆ ಕಟ್ಟುಬಿದ್ದು ಅರ್ಜುನ ಧರ್ಮರಾಯನ ಮೇಲೆಯೇ ಕತ್ತಿ ಹಿರಿದಾಗ, ಕರ್ಣಪರ್ವದ ಕೃಷ್ಣ ಅವನನ್ನು ತಡೆದು ಕೌಶಿಕನ ಕಥೆ ಹೇಳುತ್ತಾನೆ. ಸುಳ್ಳಾಡೆನೆಂಬ ವ್ರತ ಹಿಡಿದ ಆ ತಪಸ್ವಿ, ಅಡಗಿ ಕುಳಿತವರ ಜಾಗವನ್ನು ದರೋಡೆಕೋರರಿಗೆ ತೋರಿಸಿಕೊಟ್ಟ. ಅವರು ಸತ್ತರು, ಸತ್ಯವನ್ನೇ ನುಡಿದ ಕೌಶಿಕ ನರಕಕ್ಕೆ ಹೋದ. ಈ ಎರಡು ಧ್ವನಿಗಳ ನಡುವೆ ನಿಂತು ಫಿಶರ್ ಅವರನ್ನು ನೋಡಬೇಕು. ನನ್ನ ವಾದ ಇಷ್ಟು: ಆರೋಪಿ ನ್ಯಾಯಾಲಯಕ್ಕೆ ಕೊಡುವ ಮಾತು, ನ್ಯಾಯ ಕೊಡುತ್ತೇನೆಂದು ನ್ಯಾಯಾಲಯ ಎಲ್ಲರಿಗೂ ಮೊದಲೇ ಕೊಟ್ಟಿರುವ ಮಾತಿನ ಮೇಲೆ ನಿಂತಿರುತ್ತದೆ. ಅದು ಕುಸಿದಲ್ಲಿ ಇದರ ಋಣವೂ ಸಡಿಲವಾಗುತ್ತದೆ. ಆದರೆ ಆ ಸಡಿಲಿಕೆಯನ್ನು ಬಳಸಿಕೊಳ್ಳುವವನು ಅದರ ಬೆಲೆಯನ್ನು ತಾನೇ ತೆರಬೇಕು.

ಫಿಶರ್ ಕಾನೂನಿನ ಹೊರಗಿನಿಂದ ಬಂದವರಾಗಿದ್ದರೆ ಪ್ರಶ್ನೆ ಇಷ್ಟು ಕಠಿಣವಾಗುತ್ತಿರಲಿಲ್ಲ. 1908ರಲ್ಲಿ ಬ್ಲೂಮ್‌ಫಾಂಟೈನ್‌ನಲ್ಲಿ ಹುಟ್ಟಿದ ಅವರು ಆಫ್ರಿಕಾನರ್ ಸಮಾಜದ ಅತಿ ಗೌರವದ ಮನೆತನಗಳಲ್ಲೊಂದಕ್ಕೆ ಸೇರಿದವರು. ಅಜ್ಜ ಆರೆಂಜ್ ರಿವರ್ ಕಾಲನಿಯ ಪ್ರಧಾನಿಯಾಗಿದ್ದವರು, ತಂದೆ ಆರೆಂಜ್ ಫ್ರೀ ಸ್ಟೇಟ್‌ನ ಮುಖ್ಯ ನ್ಯಾಯಾಧೀಶರು. ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದ ಹುಡುಗ ಮುಂದೊಂದು ದಿನ ಪ್ರಧಾನಿಯೋ ಮುಖ್ಯ ನ್ಯಾಯಮೂರ್ತಿಯೋ ಆಗುತ್ತಾನೆಂದು ಜನ ಎಣಿಸಿದ್ದರೆ ಆಶ್ಚರ್ಯವಿಲ್ಲ. ಆತ ಆಗಿದ್ದು ಕಮ್ಯುನಿಸ್ಟ್. ಪಕ್ಷವನ್ನು ಕಾನೂನಿನಿಂದ ಹೊರಗಿಟ್ಟ 1950ರ ನಂತರ ಅದನ್ನು ಗುಪ್ತವಾಗಿ ಮತ್ತೆ ಕಟ್ಟಿದವರಲ್ಲಿ ಒಬ್ಬರಾಗಿ, ಕೊನೆಗೆ ಅದರ ನಾಯಕರೂ ಆದರು. ಹಗಲು ಗಣಿ ಕಂಪನಿಗಳು ಕೂಡ ಹುಡುಕಿಕೊಂಡು ಬರುತ್ತಿದ್ದ ಹಿರಿಯ ವಕೀಲ. 1956ರಿಂದ 1961ರವರೆಗೆ ನಡೆದ ದೇಶದ್ರೋಹ ಮೊಕದ್ದಮೆಯಲ್ಲಿ ಆರೋಪಿಗಳ ಪರ ನಿಂತರು, ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಮತ್ತು ಸಂಗಡಿಗರ ವಕೀಲರ ತಂಡವನ್ನು ಮುನ್ನಡೆಸಿದರು. ಗಲ್ಲು ಖಚಿತವೆಂದು ಎಲ್ಲರೂ ಎಣಿಸಿದ್ದ ಆ ಮೊಕದ್ದಮೆ 1964ರ ಜೂನ್ 12ರಂದು ಜೀವಾವಧಿ ಶಿಕ್ಷೆಯಲ್ಲಿ ಮುಗಿಯಿತು. ಪೊಲೀಸರು ದಾಳಿ ಮಾಡಿದ್ದ ಲಿಲೀಸ್‌ಲೀಫ್ ತೋಟದ ಸಭೆಗಳಲ್ಲಿ ಫಿಶರ್ ಸ್ವತಃ ಕೂತಿದ್ದವರು. ಸಾಕ್ಷಿಗಳು ಯಾವ ದಿನವಾದರೂ ಕಟಕಟೆಯಿಂದ ವಕೀಲರ ಮೇಜಿನ ಕಡೆಗೆ ಕೈ ತೋರಿಸಬಹುದು ಎಂದು ತಿಳಿದೂ ಅವರು ಆ ವಕಾಲತ್ತು ಹಿಡಿದರು.

ಇನ್ನು ಅವರು ಮಾತು ಕೊಟ್ಟ ಆ ನ್ಯಾಯವ್ಯವಸ್ಥೆ ಎಂಥದ್ದು? ಸಂಸತ್ತಿನಲ್ಲಿ ಬಿಳಿಯರು ಮಾತ್ರ ಇದ್ದರು. ಬಹುಸಂಖ್ಯಾತ ಕಪ್ಪು ಜನರಿಗೆ ಮತವಿರಲಿಲ್ಲ, ಊರೊಳಗೆ ಓಡಾಡಲು ಪಾಸು ಬೇಕಿತ್ತು, ಎಲ್ಲಿ ವಾಸಿಸಬೇಕು, ಏನು ಕಲಿಯಬೇಕು ಎಂಬುದನ್ನೂ ಕಾನೂನೇ ನಿಗದಿ ಮಾಡಿತ್ತು. 1952ರಲ್ಲಿ ಸಾವಿರಾರು ಜನ ಶಾಂತಿಯಿಂದ ಈ ಕಾನೂನುಗಳನ್ನು ಮುರಿದು ಜೈಲಿಗೆ ಹೋದಾಗ, ಸರ್ಕಾರ 1953ರಲ್ಲಿ ತಂದ ಕಾಯ್ದೆ ಅಂಥ ಪ್ರತಿಭಟನೆಗೆ ಸೆರೆವಾಸದ ಜೊತೆ ಛಡಿಯೇಟನ್ನೂ ವಿಧಿಸಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದರು, ಕೆಲವೇ ದಿನಗಳಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನಿಷೇಧಕ್ಕೊಳಗಾಯಿತು. 1963ರಲ್ಲಿ ಬಂದ ಕಾಯ್ದೆ ಯಾರನ್ನಾದರೂ ವಿಚಾರಣೆಯಿಲ್ಲದೆ 90 ದಿನ ಕೂಡಿಹಾಕುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು, ಅವಧಿ ಮುಗಿದೊಡನೆ ಮತ್ತೆ ಹಿಡಿಯುವುದಕ್ಕೂ ಅಡ್ಡಿಯಿರಲಿಲ್ಲ. ಇದು ಒಂದೆರಡು ಕೆಟ್ಟ ತೀರ್ಪುಗಳ ಮಾತಲ್ಲ, ಅಂಥವು ಎಲ್ಲ ದೇಶಗಳಲ್ಲೂ ಇರುತ್ತವೆ. ಇಲ್ಲಿ ಅನ್ಯಾಯ ಕಾನೂನಿನ ಕಣ್ಣು ತಪ್ಪಿಸಿ ನಡೆಯುತ್ತಿರಲಿಲ್ಲ, ಕಾನೂನಿನ ಕೈಯಿಂದಲೇ ನಡೆಯುತ್ತಿತ್ತು.

ಇದಕ್ಕೆ ಬರುವ ಅತಿ ಬಲವಾದ ಆಕ್ಷೇಪ ಫಿಶರ್ ಅವರ ಮೊಕದ್ದಮೆಯಿಂದಲೇ ಹುಟ್ಟುತ್ತದೆ. ವ್ಯವಸ್ಥೆ ಎಷ್ಟೇ ಕೆಟ್ಟದ್ದಿರಲಿ, ಅವರ ಮುಂದೆ ಕೂತಿದ್ದ ನ್ಯಾಯಾಧಿಕಾರಿ ಅವರನ್ನು ನಂಬಿದ್ದ. ಹೊರದೇಶಕ್ಕೆ ಹೋಗಲೂ ಬಿಟ್ಟಿದ್ದ. ನಂಬಿದವನಿಗೆ ದ್ರೋಹ ಬಗೆಯಲು ಸಂಸತ್ತಿನ ಪಾಪ ಹೇಗೆ ಸಮರ್ಥನೆಯಾದೀತು? ಇದನ್ನು ತಳ್ಳಿಹಾಕಲು ಬರುವುದಿಲ್ಲ. ಆದರೆ ಆ ನಂಬಿಕೆ ಯಾರಿಗೆ ಸಿಕ್ಕಿತು ಎಂದು ಕೇಳಿದಾಗ ಅದರ ಬಣ್ಣ ಬೇರೆಯಾಗಿ ಕಾಣುತ್ತದೆ. ನ್ಯಾಯಾಧೀಶನ ಮಗನಿಗೆ, ಬಿಳಿಯನಿಗೆ, ದೇಶದ ಹೆಸರಾಂತ ವಕೀಲನಿಗೆ ಸಿಕ್ಕಿತು. ಪಾಸು ಮರೆತು ಬಂದು ನಿಮಿಷಗಳಲ್ಲಿ ಶಿಕ್ಷೆ ಪಡೆದು ಹೋಗುತ್ತಿದ್ದ ಕೂಲಿಯಾಳಿನ ಮಾತಿಗೆ ಅದೇ ದೇಶದ ನ್ಯಾಯಾಲಯಗಳಲ್ಲಿ ಯಾವ ಬೆಲೆಯೂ ಇರಲಿಲ್ಲ. ತನಗೆ ದೊರೆತ ವಿಶ್ವಾಸ ಉಳಿದವರ ಅಪಮಾನದ ಇನ್ನೊಂದು ಮುಖವೆಂದು ಅರಿತವನು ಆ ವಿಶ್ವಾಸವನ್ನು ಪವಿತ್ರವೆಂದು ಹೇಗೆ ಕಾಪಾಡಿಕೊಳ್ಳಬೇಕು? ಹೀಗಿದ್ದೂ ನ್ಯಾಯಾಧಿಕಾರಿಗೆ ಸಲ್ಲಬೇಕಾದದ್ದು ಏನೋ ಒಂದು ಉಳಿದೇ ಉಳಿಯುತ್ತದೆ ಎಂದು ನಾನು ಒಪ್ಪುತ್ತೇನೆ. ಎರಡು ಕರ್ತವ್ಯಗಳು ಎದುರಾಗಿ ಒಂದನ್ನು ಆರಿಸಿಕೊಂಡಾಗ ಇನ್ನೊಂದು ಅಳಿಸಿಹೋಗುವುದಿಲ್ಲ, ಬಾಕಿಯಾಗಿ ನಿಲ್ಲುತ್ತದೆ. ಆ ಬಾಕಿಗೆ ಫಿಶರ್ ಕೊಟ್ಟದ್ದು ಆ ಪತ್ರ. ಸದ್ದಿಲ್ಲದೆ ಗಡಿ ದಾಟುವವನು ಕಾರಣ ಬರೆದಿಟ್ಟು ಹೋಗುವುದಿಲ್ಲ. ಅವರು ಗಡಿಯನ್ನೂ ದಾಟಲಿಲ್ಲ. ದೇಶ ಬಿಡುವುದಿಲ್ಲ ಎಂಬುದು ಅವರು ಕೊಟ್ಟ ಮಾತಿನ ತಿರುಳಾಗಿದ್ದರೆ, ಆ ತಿರುಳನ್ನು ಅವರು ಕೊನೆಯ ತನಕ ಉಳಿಸಿಕೊಂಡರು.

ಜೋಹಾನ್ಸ್‌ಬರ್ಗಿನ ವಕೀಲರ ಪರಿಷತ್ತಿಗೆ ಇದು ಕಾಣಲಿಲ್ಲ. ಫಿಶರ್ ನಡತೆ ವಕೀಲನಿಗೆ ತಕ್ಕದ್ದಲ್ಲವೆಂದು ಅದು ನ್ಯಾಯಾಲಯದ ಮೆಟ್ಟಿಲೇರಿತು, 1965ರ ನವೆಂಬರ್‌ನಲ್ಲಿ ಅವರ ಹೆಸರನ್ನು ವಕೀಲರ ಪಟ್ಟಿಯಿಂದ ತೆಗೆದುಹಾಕಲಾಯಿತು. ಮೂವತ್ತು ವರ್ಷ ಜೊತೆಯಲ್ಲಿ ವಾದಿಸಿದವರು, ಊಟ ಮಾಡಿದವರು ತನ್ನನ್ನು ಅಪ್ರಾಮಾಣಿಕನೆಂದದ್ದು ಫಿಶರ್ ಅವರನ್ನು ಬಹಳ ನೋಯಿಸಿತು. ಈ ತೀರ್ಮಾನ ಅನಿವಾರ್ಯವಾಗಿತ್ತು ಎನ್ನುವವರು 1954ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಟ್ರಾನ್ಸ್‌ವಾಲ್‌ನ ವಕೀಲರ ಸಂಘ ನೆಲ್ಸನ್ ಮಂಡೇಲಾ ಅವರ ಸನ್ನದನ್ನು ರದ್ದುಪಡಿಸಲು ಹೊರಟಿತ್ತು, 1952ರ ಕಾನೂನುಭಂಗ ಚಳವಳಿಯಲ್ಲಿ ಅವರಿಗೆ ಶಿಕ್ಷೆಯಾಗಿತ್ತು ಎಂಬ ಕಾರಣಕ್ಕೆ. ಅದೇ ದೇಶದ, ಅದೇ ಆಡಳಿತದ ನ್ಯಾಯಾಲಯ ಅದನ್ನು ನಿರಾಕರಿಸಿತು: ತನ್ನ ಜನರ ಒಳಿತಿಗಾಗಿ ಕಾನೂನು ಮುರಿದದ್ದರಲ್ಲಿ ಗೌರವಗೇಡಿನ ಅಂಶವೇನೂ ಇಲ್ಲವೆಂದಿತು. ಕಾನೂನು ಮುರಿಯುವುದು ಬೇರೆ, ಶೀಲಗೆಡುವುದು ಬೇರೆ ಎಂಬ ತಿಳಿವಳಿಕೆ ದಕ್ಷಿಣ ಆಫ್ರಿಕದ ಕಾನೂನಿಗೇ ಇತ್ತು. ಹನ್ನೊಂದು ವರ್ಷಗಳಲ್ಲಿ ಅದನ್ನು ಭಯ ನುಂಗಿತು. ಅದೇ ಜೋಹಾನ್ಸ್‌ಬರ್ಗಿನಲ್ಲಿ ಹಿಂದೊಮ್ಮೆ ವಕೀಲಿ ನಡೆಸಿದ್ದ ಗಾಂಧಿಯವರ ಹೆಸರನ್ನು ಕೂಡ, ಅಹಮದಾಬಾದಿನ ರಾಜದ್ರೋಹದ ಶಿಕ್ಷೆಯ ನಂತರ 1922ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ತನ್ನ ಪಟ್ಟಿಯಿಂದ ಅಳಿಸಿತ್ತು. ಅದನ್ನು ಮತ್ತೆ ಸೇರಿಸಲು 1988 ಬರಬೇಕಾಯಿತು.

ಗಾಂಧಿಯವರ ಹೆಸರು ಬಂದೊಡನೆ ಎರಡನೆಯ ಆಕ್ಷೇಪ ಏಳುತ್ತದೆ. ಗಾಂಧಿ ಕಾನೂನು ಮುರಿದದ್ದು ಎಲ್ಲರ ಕಣ್ಣೆದುರಿಗೆ, ಶಿಕ್ಷೆಯನ್ನು ಕೇಳಿ ಪಡೆದರು. ಫಿಶರ್ ಗಡ್ಡ ಬಿಟ್ಟು, ವೇಷ ಬದಲಿಸಿ, ಸುಳ್ಳು ಹೆಸರಿನಲ್ಲಿ ಒಂಬತ್ತೂವರೆ ತಿಂಗಳು ಅಡಗಿದ್ದರು. ಅವರು ನಡೆಸುತ್ತಿದ್ದ ಹೋರಾಟ ಆ ಹೊತ್ತಿಗೆ ಅಹಿಂಸೆಯನ್ನೂ ಬಿಟ್ಟಿತ್ತು. ಗಾಂಧಿಯವರ ದಾರಿಯೇ ಹೆಚ್ಚು ಶುದ್ಧವಾದದ್ದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ದಾರಿ ನಡೆಯಲು ಕನಿಷ್ಠ ಒಂದು ಅನುಕೂಲ ಬೇಕು: ಶಿಕ್ಷೆ ಪಡೆಯುವವನ ಮಾತು ಜನರಿಗೆ ಕೇಳಿಸಬೇಕು. ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ಗಾಂಧಿ ಓದಿದ ಹೇಳಿಕೆಯನ್ನು ಇಡೀ ಭಾರತ ಓದಿತು. ದಕ್ಷಿಣ ಆಫ್ರಿಕದಲ್ಲಿ 1962ರ ಕಾಯ್ದೆಯ ನಂತರ ನಿರ್ಬಂಧಕ್ಕೊಳಗಾದವರ ಮಾತನ್ನು ಅಚ್ಚು ಹಾಕುವುದೇ ಅಪರಾಧವಾಗಿತ್ತು. ನಾಯಕರು ರಾಬೆನ್ ದ್ವೀಪದಲ್ಲಿ, ಉಳಿದವರು ದೇಶದ ಹೊರಗೆ. ಬಯಲಲ್ಲಿ ನಿಂತು ಕಾನೂನು ಮುರಿಯಬಹುದಾದ ಬಯಲೇ ಇಲ್ಲವಾಗಿದ್ದಾಗ ಅಡಗಿ ಕೆಲಸ ಮಾಡಿದವನನ್ನು ಹೇಡಿ ಎನ್ನಲಾಗದು. ಮೇಲಾಗಿ ಸಿಕ್ಕಿಬಿದ್ದ ಮೇಲೆ, 1966ರ ಮಾರ್ಚ್ 28ರಂದು ಫಿಶರ್ ಕಟಕಟೆಯಿಂದ ಮಾಡಿದ ಸುದೀರ್ಘ ಹೇಳಿಕೆಯಲ್ಲಿ ಬಚ್ಚಿಟ್ಟದ್ದೇನೂ ಇಲ್ಲ. ಕಾನೂನೇ ಅನೀತಿಯಾಗಿ, ವ್ಯವಸ್ಥಿತ ದಬ್ಬಾಳಿಕೆಯಲ್ಲಿ ಪಾಲುಗೊಳ್ಳುವಂತೆ ನಾಗರಿಕನನ್ನು ಒತ್ತಾಯಿಸಿದಾಗ ಅದಕ್ಕಿಂತ ಮೇಲಿನ ಕರ್ತವ್ಯ ಹುಟ್ಟುತ್ತದೆ ಎಂದು ಅವರು ವಾದಿಸಿದರು. ಬಾಲ್ಯದಲ್ಲಿ ತೋಟದಲ್ಲಿ ಕಪ್ಪು ಹುಡುಗರೊಂದಿಗೆ ಆಡಿ ಬೆಳೆದ ತಾನು, ತರುಣನಾದ ಮೇಲೆ ಒಬ್ಬ ಕಪ್ಪು ಮನುಷ್ಯನ ಕೈ ಕುಲುಕಲು ಹೇಸಿಕೊಂಡೆ, ಬದಲಾದದ್ದು ಅವನಲ್ಲ ನಾನು ಎಂಬುದು ಆಗ ಹೊಳೆಯಿತು ಎಂದೂ ಹೇಳಿಕೊಂಡರು. ತನ್ನ ಜನಾಂಗದ ಪಾಪವನ್ನು ತನ್ನ ಮೈಯಲ್ಲೇ ಹುಡುಕಿದವರ ಮಾತು ಅದು.

ಪ್ರತಿಯೊಬ್ಬನೂ ಹೀಗೆ ತನ್ನ ಅಂತಃಸಾಕ್ಷಿಯನ್ನು ಮುಂದೆ ಮಾಡಿ ಜಾಮೀನು ಮುರಿದರೆ ಗತಿಯೇನು? ಲೂಟಿ ಹೊಡೆದು ವಿದೇಶಕ್ಕೆ ಹಾರುವ ರಾಜಕಾರಣಿಯೂ ಕಿರುಕುಳದ ಮಾತನ್ನೇ ಆಡುತ್ತಾನಲ್ಲ? ಇಬ್ಬರನ್ನೂ ಬೇರ್ಪಡಿಸುವ ಒರೆಗಲ್ಲು ಅವರ ಮಾತಿನಲ್ಲಿ ಸಿಗುವುದಿಲ್ಲ, ಲೆಕ್ಕದಲ್ಲಿ ಸಿಗುತ್ತದೆ: ಲಾಭ ಯಾರಿಗೆ, ನಷ್ಟ ಯಾರಿಗೆ. ಭೀಷ್ಮ ತನ್ನ ಪ್ರತಿಜ್ಞೆಯನ್ನು ಕೂದಲೆಳೆಯಷ್ಟೂ ಮುರಿಯಲಿಲ್ಲ. ಆದರೆ ಅದರ ಬೆಲೆಯನ್ನು ತುಂಬಿದ ಸಭೆಯಲ್ಲಿ ತೆತ್ತವಳು ದ್ರೌಪದಿ. ಫಿಶರ್ ವಿಚಾರಣೆಗೆ ಕೂತಿದ್ದರೆ ಆ ಮೊಕದ್ದಮೆಯಲ್ಲಿ ಕೆಲವು ವರ್ಷಗಳ ಶಿಕ್ಷೆ ಮುಗಿಸಿ ಹೊರಬರಬಹುದಿತ್ತು. ತಲೆಮರೆಸಿಕೊಂಡದ್ದರಿಂದ, 1965ರ ನವೆಂಬರ್ 11ರಂದು ಮತ್ತೆ ಸೆರೆ ಸಿಕ್ಕ ನಂತರ ಜೀವಾವಧಿ ಶಿಕ್ಷೆಯಾಯಿತು. ಆದರೂ ಲೆಕ್ಕ ಪೂರ್ತಿ ಶುದ್ಧವಲ್ಲ. ರಿವೋನಿಯಾ ತೀರ್ಪಿನ ಮರುದಿನವೇ ಪತ್ನಿ ಮಾಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಮೂವರು ಮಕ್ಕಳಲ್ಲಿ ಕಿರಿಯವನಾದ ಪಾಲ್ ಹುಟ್ಟಿನಿಂದ ಕಾಯಿಲೆಯವನು. ತಾಯಿಯಿಲ್ಲದ ಮನೆಯನ್ನು ಬಿಟ್ಟು ತಂದೆ ಅಡಗಲು ಹೋದರು. 1971ರಲ್ಲಿ ಪಾಲ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋಗಲು ಕೂಡ ಸರ್ಕಾರ ಬಿಡಲಿಲ್ಲ. ಪುಣ್ಯಕೋಟಿ ಮಾತು ಉಳಿಸಿಕೊಂಡಾಗಲೂ ಕರು ತಬ್ಬಲಿಯಾಗಬೇಕಿತ್ತು. ಮಾತು ಉಳಿಸಿಕೊಳ್ಳಲಿ, ಮುರಿಯಲಿ, ದೊಡ್ಡ ನಿರ್ಧಾರಗಳ ಭಾರದಲ್ಲಿ ಒಂದು ಪಾಲು ಮನೆಯವರ ಹೆಗಲಿಗೆ ಬೀಳುತ್ತದೆ. ಅದನ್ನು ಫಿಶರ್ ಅವರ ಹೆಸರಿನಲ್ಲಿ ಬರೆದಿಡದೆ ಅವರನ್ನು ಹೊಗಳುವುದು ಸರಿಯಲ್ಲ.

ಕೊನೆಯ ಆಕ್ಷೇಪ ಅವರ ರಾಜಕೀಯದ್ದು. ವರ್ಣಭೇದದ ಕ್ರೌರ್ಯವನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ಸೋವಿಯತ್ ಒಕ್ಕೂಟದ ಸೆರೆಶಿಬಿರಗಳನ್ನು ಕಾಣಲಿಲ್ಲ. ಮಾಸ್ಕೋ ಅವರಿಗೆ ಲೆನಿನ್ ಶಾಂತಿ ಪ್ರಶಸ್ತಿ ಕೊಟ್ಟಿತು. ಆ ಕುರುಡು ನಿಜವಾದದ್ದು, ಅದನ್ನು ಮುಚ್ಚಬಾರದು. ಆದರೆ ಒಬ್ಬ ಮನುಷ್ಯನ ಅಂತಃಸಾಕ್ಷಿ ಲೋಕದ ಎಲ್ಲ ಅನ್ಯಾಯಗಳ ಬಗ್ಗೆಯೂ ಎಚ್ಚರವಾಗಿದ್ದರೆ ಮಾತ್ರ ಅದನ್ನು ಗೌರವಿಸುತ್ತೇವೆಂದು ಹೊರಟರೆ ಗೌರವಕ್ಕೆ ಯಾರೂ ಉಳಿಯುವುದಿಲ್ಲ. ತನ್ನ ಮನೆಯ ಅಂಗಳದಲ್ಲಿ, ತನ್ನವರೇ ಮಾಡುತ್ತಿದ್ದ ಅನ್ಯಾಯದ ಎದುರು, ಅದರಿಂದ ಎಲ್ಲ ಲಾಭವೂ ತನಗಿದ್ದಾಗ ಏನು ಮಾಡಿದ ಎಂಬುದೇ ಇಲ್ಲಿಯ ಪ್ರಶ್ನೆ. ಆ ಪ್ರಶ್ನೆಗೆ ಫಿಶರ್ ಕೊಟ್ಟ ಉತ್ತರದಲ್ಲಿ ಕೊರತೆಯಿಲ್ಲ.

ಜೈಲಿನಲ್ಲಿ ಅವರಿಗೆ ಕ್ಯಾನ್ಸರ್ ಹತ್ತಿತು. ಬಿದ್ದು ಮೂಳೆ ಮುರಿದುಕೊಂಡಾಗಲೂ ಚಿಕಿತ್ಸೆ ತಡವಾಗಿ ಸಿಕ್ಕಿತು. ಸಾವು ಖಚಿತವಾದ ಮೇಲೆ ಬ್ಲೂಮ್‌ಫಾಂಟೈನ್‌ನ ತಮ್ಮನ ಮನೆಯನ್ನೇ ಜೈಲೆಂದು ಘೋಷಿಸಿ ಅಲ್ಲಿಗೆ ಕಳಿಸಿದರು. 1975ರ ಮೇ 8ರಂದು ಅವರು ತೀರಿಕೊಂಡರು, ಚಿತಾಭಸ್ಮವನ್ನು ಜೈಲು ಇಲಾಖೆ ವಾಪಸು ಕೇಳಿ ತೆಗೆದುಕೊಂಡಿತು. ವರ್ಣಭೇದ ಬಿದ್ದುಹೋದ ಮೇಲೆ, ಸತ್ತುಹೋದ ವಕೀಲರ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಲೆಂದೇ ದಕ್ಷಿಣ ಆಫ್ರಿಕದ ಹೊಸ ಸಂಸತ್ತು 2002ರಲ್ಲಿ ಒಂದು ಕಾಯ್ದೆ ಮಾಡಿತು. 2003ರ ಅಕ್ಟೋಬರ್‌ನಲ್ಲಿ ಜೋಹಾನ್ಸ್‌ಬರ್ಗಿನ ಹೈಕೋರ್ಟು ಆ ಕಾಯ್ದೆಯಡಿ ಬ್ರಾಮ್ ಫಿಶರ್ ಅವರ ಹೆಸರನ್ನು ವಕೀಲರ ಪಟ್ಟಿಗೆ ಮತ್ತೆ ಸೇರಿಸಿತು. ಸತ್ತ ನಂತರ ಹೀಗೆ ಸನ್ನದು ಮರಳಿ ಪಡೆದ ಮೊದಲ ದಕ್ಷಿಣ ಆಫ್ರಿಕನ್ ಅವರೇ.