ಅಕ್ಕನ ಸಹಿ

ಖರಾಡಿಯಲ್ಲಿ ಜಾಗ ಕೊಳ್ಳಲು ಹೊರಟವರು ಬೇಗ ಕಲಿಯುವ ಮರಾಠಿ ಪದಗಳಲ್ಲಿ 'ಹಕ್ಕಸೋಡ ಪತ್ರ' ಒಂದು. ನಮ್ಮ ಕಡೆ ಹಕ್ಕು ಬಿಡುಗಡೆ ಪತ್ರ ಅನ್ನುತ್ತೇವೆ. ಐಟಿ ಪಾರ್ಕುಗಳು ಎದ್ದ ಈ ನೆಲ ಮೊದಲು ಹೊಲವಾಗಿತ್ತು. ಇಂಥ ಜಾಗದ ಕಾಗದ ನೋಡುವ ವಕೀಲರು ಮೊದಲು ಕೇಳುವುದು, "ಹೆಣ್ಣುಮಕ್ಕಳ ಸಹಿ ಆಗಿದೆಯೇ?"

ಹಾಗೆ ಕೇಳಲು ಕಾರಣವಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ 23ನೆಯ ಕಲಂ ಎಂಬುದೊಂದಿತ್ತು. ಅಪ್ಪನ ಮನೆಯಲ್ಲಿ ಗಂಡುಮಕ್ಕಳು ಸಂಸಾರ ಮಾಡಿಕೊಂಡಿದ್ದರೆ, ಅವರಾಗಿ ಪಾಲು ಮಾಡಿಕೊಳ್ಳುವವರೆಗೆ ಮಗಳು ಪಾಲು ಕೇಳುವಂತಿರಲಿಲ್ಲ. ಅಲ್ಲಿ ವಾಸಿಸುವ ಹಕ್ಕೂ ಮದುವೆಯಾಗದವಳಿಗೆ, ವಿಧವೆಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ಬೇರೆಯಾದವಳಿಗೆ ಮಾತ್ರ. ಅಂದರೆ ಬದುಕು ಕೆಟ್ಟರೆ ತವರು ಅವಳದು, ನೆಟ್ಟಗಿದ್ದರೆ ಅಲ್ಲ! 2005ರಲ್ಲಿ ಆ ಕಲಂ ಹೋಯಿತು. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಬಂತು. ಅದಕ್ಕೆ 2005ರಲ್ಲಿ ಅಪ್ಪ ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು.

ಈಗ ಅವಳು ಸುಮ್ಮನಿದ್ದರೂ ಹಕ್ಕು ಸುಲಭಕ್ಕೆ ಹೋಗುವುದಿಲ್ಲ. ಅನ್ಯರ ಮನೆಯನ್ನು ಬಹಿರಂಗವಾಗಿ ತನ್ನದೆಂದು 12 ವರ್ಷ ಹಿಡಿದುಕೊಂಡವನಿಗೆ ಅದು ದಕ್ಕಬಹುದು. ಆದರೆ ಅಣ್ಣತಮ್ಮಂದಿರು ತವರಿನಲ್ಲಿ ಎಷ್ಟು ವರ್ಷ ಇದ್ದರೂ ಎಲ್ಲ ಹಕ್ಕುದಾರರ ಪರವಾಗಿ ಇದ್ದಾರೆಂದೇ ಕಾನೂನಿನ ಲೆಕ್ಕ. ಅವಳ ಹಕ್ಕನ್ನು ಎದುರಾಎದುರು ಅಲ್ಲಗಳೆದರಷ್ಟೇ ಆ ಗಡಿಯಾರ ಓಡತೊಡಗುತ್ತದೆ. ಹೀಗಾಗಿ ಅವಳ ಪಾಲನ್ನು ಕಳೆಯಲು ಉಳಿದ ಹಾದಿ ಅವಳ ಕೈಯೇ. ಮನೆಮಂದಿಯೆಲ್ಲ ಆ ಕೈಯ ಹಿಂದೆ ಬಿದ್ದಿರುವುದೂ ಅದಕ್ಕೇ.

ನಮ್ಮಲ್ಲೂ ಅದೇ ನಡೆದಿದೆ. ಗದಗದ ಮನೆ ಅಪ್ಪನ ಸ್ವಂತ ಸಂಪಾದನೆಯದು. ಅವರು ಮೃತ್ಯುಪತ್ರ ಬರೆದಿರಲಿಲ್ಲ. ಕಾನೂನಿನ ಪ್ರಕಾರ ಅವ್ವ, ಇಬ್ಬರು ಅಕ್ಕಂದಿರು, ನಾನು: ನಾಲ್ಕು ಸಮ ಪಾಲು. ಕಾಕಾ ಮಾತ್ರ "ಹುಡುಗ್ಯಾರ ಪಾಲು ಲಗ್ನದಾಗ ಮುಗೀತು" ಅನ್ನುತ್ತಾರೆ. ಅಕ್ಕಂದಿರ ಮದುವೆಯ ಖರ್ಚು ಅವರಿಗೆ ಬಾಯಿಪಾಠ. ನನ್ನ ಎಂ.ಟೆಕ್. ಖರ್ಚನ್ನು ನನ್ನ ಪಾಲಿನಲ್ಲಿ ಕಳೆದವರನ್ನು ನಾನು ಕಂಡಿಲ್ಲ.

ದೊಡ್ಡಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಬೆಲೆ ಎಷ್ಟು ಅಂತ ಕೇಳಲಿಲ್ಲ. "ಕಳಿಸ್ ತಮ್ಮಾ, ಸಹಿ ಮಾಡ್ತೀನಿ. ಪಂಚಮಿಗೆ ಕರಿಯೋದು ಮಾತ್ರ ಮರೀಬ್ಯಾಡ" ಅಂದಳು.

ಇದನ್ನು ಒಪ್ಪಿಗೆ ಅನ್ನಬಹುದೇ? ನೋಂದಣಿ ಕಚೇರಿಯ ಮಟ್ಟಿಗೆ ಹೌದು. ಮೋಸ, ಒತ್ತಾಯ ನಡೆದಿದ್ದರೆ ಕೋರ್ಟು ಪತ್ರವನ್ನು ರದ್ದು ಮಾಡಬಹುದು. ಆದರೆ ಇಲ್ಲಿ ಒತ್ತಾಯ ಮಾಡಿದವರಾರು? ಸಹಿ ಹಾಕದಿದ್ದರೆ ಪಂಚಮಿಯ ಕರೆ ನಿಂತೀತು ಎಂಬ ಅಂಜಿಕೆ ಅವಳಿಗೆ ಎಳವೆಯಿಂದ ಬಂದದ್ದು. ನಮ್ಮ ಕೆಲಸದಲ್ಲಿ ಸೈನ್-ಆಫ್ ಪಡೆಯುವ ಮೊದಲು ಏನು ಬಿಟ್ಟುಹೋಗುತ್ತದೆ ಎಂಬುದನ್ನು ಗ್ರಾಹಕರಿಗೆ ಬರೆದು ತಿಳಿಸುತ್ತೇವೆ. ಅಕ್ಕನಿಗೆ ಅಷ್ಟೂ ಇಲ್ಲ.

ತವರಿನ ಪ್ರೀತಿಗಾಗಿ ಬಿಡುವವರು ಇಲ್ಲವೆಂದಲ್ಲ. ಮನಸಾರೆ ಕೊಡುವವಳನ್ನು ತಡೆಯಲು ನಾನ್ಯಾರು? ಆದರೆ ಕೊಡಬೇಕಾದರೆ ಮೊದಲು ಅದು ತನ್ನದೆಂದು ಅವಳು ಕಂಡಿರಬೇಕು. ಕಾಕಾ ಒಂದೇ ಉಸಿರಿನಲ್ಲಿ "ಅವಳಿಗೆ ಪಾಲಿಲ್ಲ" ಅನ್ನುತ್ತಾರೆ, "ಪಾಲು ಬಿಟ್ಟಳೆಂದು ಬರೆಸಿಕೋ" ಅಂತಲೂ ಅನ್ನುತ್ತಾರೆ. ಇಲ್ಲದ್ದನ್ನು ಬಿಡಿಸಿಕೊಳ್ಳುವುದು ಹೇಗೆ?

ಹಾಗಾಗಿ ಉತಾರದಲ್ಲಿ ಮೊದಲು ನಾಲ್ಕೂ ಹೆಸರು ಏರಿಸಲು ಅರ್ಜಿ ಕೊಟ್ಟಿದ್ದೇನೆ. ಕಾಕಾ ಮಾತು ಬಿಟ್ಟಿದ್ದಾರೆ. ಅವ್ವ ಏನೂ ಅಂದಿಲ್ಲ, ಪಾಲು ಅವಳದೂ ಇದೆ. ಮನೆಯ ಈಗಿನ ಬೆಲೆಯನ್ನು ಅಂಕಿಯಲ್ಲಿ ಬರೆದು ಅಕ್ಕಂದಿರಿಬ್ಬರಿಗೂ ಕಳಿಸಿದ್ದೇನೆ. ಚಿಕ್ಕಕ್ಕ ಎರಡು ದಿನ ಬಿಟ್ಟು ಫೋನ್ ಮಾಡಿ, "ಇಷ್ಟ ಐತೇನೋ ಅದರ ರೇಟು?" ಅಂತ ಕೇಳಿದಳು.