ಎಚ್ಚರವಿದ್ದವನ ಹೊಣೆ

ಮದ್ಯಪಾನ ಮಾಡಿ ವಾಹನ ನಡೆಸುವುದು ತಪ್ಪೆಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಕುಡಿದವನು ಏನು ಮಾಡಬಾರದೆಂದು ಕಾನೂನೂ ಹೇಳಿದೆ, ಮನೆಯ ಹಿರಿಯರೂ ಹೇಳಿದ್ದಾರೆ. ಆದರೆ ಅದೇ ರಸ್ತೆಯಲ್ಲಿ ಕುಡಿಯದೆ ಸಾಗುತ್ತಿರುವವನು, ಎದುರಿಗೆ ಓಲಾಡುತ್ತ ಬರುವ ವಾಹನವನ್ನು ಕಂಡಾಗ ಏನು ಮಾಡಬೇಕು? ತಪ್ಪು ಮಾಡದವನಿಗೂ ಅಲ್ಲೊಂದು ಕರ್ತವ್ಯವಿದೆಯೇ? ಇದು ನೀತಿಶಾಸ್ತ್ರದ ಪ್ರಶ್ನೆ. ಬೆಟ್ಟದ ನಾಡಿನಲ್ಲಿ ಬಾಳುವ ನಮಗೆ ದಿನನಿತ್ಯದ ಪ್ರಶ್ನೆಯೂ ಹೌದು.

ಮೈಸೂರು, ಉದಕಮಂಡಲ, ಕೇರಳದ ಕಡೆಯ ರಸ್ತೆಗಳು ಗೂಡಲೂರಿನಲ್ಲಿ ಕೂಡುತ್ತವೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಣಿವೆ. ಅಪಘಾತಗಳ ಕಾರಣದಿಂದ ಹೊರ ಜಿಲ್ಲೆಯ ಪ್ರವಾಸಿ ವಾಹನಗಳು ಆ ದಾರಿಯಲ್ಲಿ ಇಳಿಯುವುದನ್ನು ಜಿಲ್ಲಾಡಳಿತ ನಿರ್ಬಂಧಿಸಿದೆ. ಹೀಗಾಗಿ ಅಲ್ಲಿ ಎದುರಿನಿಂದ ಇಳಿದು ಬರುವವನು ಬಹುಮಟ್ಟಿಗೆ ನಮ್ಮ ಊರಿನವನೇ, ಕೆಲವೊಮ್ಮೆ ನಮ್ಮ ನಂಟನೇ ಆಗಿರುತ್ತಾನೆ. ಪ್ರಶ್ನೆ ಕಠಿಣವಾಗುವುದು ಇದರಿಂದಲೇ.

ಮೊದಲ ಕರ್ತವ್ಯ ಸರಳವಾದದ್ದು: ವೇಗ ತಗ್ಗಿಸಿ, ಬದಿಗೆ ಸರಿದು, ದಾರಿ ಬಿಡುವುದು. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ನಿಯಮ. ಆದರೆ ನಿಯಮ ಪಾಲಿಸುವ ಎಚ್ಚರ ಎದುರಿನವನಿಗೆ ಇಲ್ಲದಿರುವಾಗ ನಮ್ಮ ಹಕ್ಕನ್ನು ಸಾಧಿಸಹೊರಡುವುದು ಅವಿವೇಕ. ಹಾರನ್ ಬಾರಿಸಿ ಕೆಣಕುವುದು, ಅಟ್ಟಿಸಿಕೊಂಡು ಹೋಗುವುದು, ತಿರುವಿನಲ್ಲಿ ಅಡ್ಡಗಟ್ಟುವುದು ಇವೆಲ್ಲ ಅಪಾಯವನ್ನು ಇಮ್ಮಡಿಗೊಳಿಸುವ ಕೆಲಸಗಳು. ಕೋಪಕ್ಕೂ ಒಂದು ಅಮಲುಂಟು.

ಆದರೆ ನಾವು ಪಾರಾದ ಮಾತ್ರಕ್ಕೆ ಕರ್ತವ್ಯ ಮುಗಿಯಿತೇ? ನಮ್ಮನ್ನು ದಾಟಿದ ವಾಹನ ಮುಂದಿನ ತಿರುವಿಗೆ ಹೋಗುತ್ತದೆ. ಅಲ್ಲಿ ತೋಟದ ಕೆಲಸ ಮುಗಿಸಿ ಮನೆಗೆ ನಡೆದು ಹೋಗುವ ಹೆಂಗಸರಿರಬಹುದು, ಶಾಲೆಯ ಮಕ್ಕಳಿರಬಹುದು. ಕುಡಿದವನಿಗೆ ತನ್ನ ಸ್ಥಿತಿಯ ಅರಿವಿಲ್ಲ. ಮುಂದಿನ ತಿರುವಿನವರಿಗೆ ಬರಲಿರುವುದರ ಅರಿವಿಲ್ಲ. ಆ ಹೊತ್ತಿನಲ್ಲಿ ಎರಡನ್ನೂ ಅರಿತವರು ನಾವು ಮಾತ್ರ. ತಪ್ಪು ಅವನದು, ಹೊರೆ ನಮಗೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಹೊಣೆ ಯಾವಾಗಲೂ ತಪ್ಪಿನಿಂದಲೇ ಹುಟ್ಟುವುದಿಲ್ಲ, ಅರಿವಿನಿಂದಲೂ ಹುಟ್ಟುತ್ತದೆ. ನೀರಿಗೆ ಬಿದ್ದ ಮಗುವನ್ನು ಕಂಡವನು, ತಳ್ಳಿದವನು ತಾನಲ್ಲವೆಂದು ನಡೆದು ಹೋಗಲಾರ.

ಹಾಗಾದರೆ ಮಾಡಬೇಕಾದದ್ದೇನು? ಸುರಕ್ಷಿತ ಜಾಗದಲ್ಲಿ ವಾಹನ ನಿಲ್ಲಿಸಿ 112ಕ್ಕೆ ಕರೆ ಮಾಡಿ, ವಾಹನದ ಸಂಖ್ಯೆ, ಸ್ಥಳ, ಅದು ಸಾಗಿದ ದಿಕ್ಕು ತಿಳಿಸುವುದು. ಕಾಡಿನ ನಡುವೆ ಫೋನಿಗೆ ಸಿಗ್ನಲ್ ಸಿಗದಿದ್ದರೆ ಮುಂದಿನ ಚೆಕ್‌ಪೋಸ್ಟಿನಲ್ಲಿ ಹೇಳುವುದು. ಹೇಳುವಾಗಲೂ ಕಂಡದ್ದನ್ನಷ್ಟೇ ಹೇಳಬೇಕು. ಬಯಲು ಸೀಮೆಯಿಂದ ಬಂದವನು ಇಳಿಜಾರಿನಲ್ಲಿ ಎರಡನೆಯ ಗೇರು ಹಾಕದೆ ಬ್ರೇಕನ್ನೇ ಒತ್ತುತ್ತ ಬಂದು, ಅದು ಕಾದು ಹಿಡಿತ ತಪ್ಪಿದಾಗಲೂ ವಾಹನ ಹಾಗೆಯೇ ಓಡುತ್ತದೆ. ನಿದ್ದೆಗಣ್ಣಿನವನೂ, ರಕ್ತದ ಸಕ್ಕರೆ ಕುಸಿದ ಮಧುಮೇಹಿಯೂ ಕುಡಿದವನಂತೆ ಕಾಣಬಹುದು. “ವಾಹನ ಅತ್ತಿತ್ತ ಓಲಾಡುತ್ತಿದೆ” ಎಂಬುದು ಸಾಕ್ಷ್ಯ. “ಅವನು ಕುಡಿದಿದ್ದಾನೆ” ಎಂಬುದು ತೀರ್ಪು. ತೀರ್ಪು ಪರೀಕ್ಷಿಸುವವರಿಗೆ ಬಿಟ್ಟದ್ದು. ಇಳಿಸಿ ಥಳಿಸುವ ಅಧಿಕಾರವಂತೂ ಯಾರಿಗೂ ಇಲ್ಲ.

ಇಲ್ಲಿ ಮನಸ್ಸು ಹಿಂಜರಿಯುತ್ತದೆ. ನಮ್ಮವನ ಮೇಲೆ ದೂರು ಕೊಡುವುದು ಚಾಡಿಯಲ್ಲವೇ? ಬಾಡಿಗೆ ವಾಹನ ಓಡಿಸಿ ಸಂಸಾರ ಸಾಕುವವನ ಅನ್ನ ಹೋಗದೇ? ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಬಡ ಸಂಸಾರಕ್ಕೆ ಇದು ಸಣ್ಣ ಪೆಟ್ಟಲ್ಲ. ಆದರೆ ಕಣಿವೆಗೆ ಬಿದ್ದವನ ಸಂಸಾರಕ್ಕೆ ಬೀಳುವ ಪೆಟ್ಟನ್ನೂ, ಅವನಿಂದ ಸತ್ತವನ ಸಂಸಾರದ ಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಚಾಡಿ ಹೇಳುವವನು ಇನ್ನೊಬ್ಬನ ಕೇಡನ್ನು ಬಯಸುತ್ತಾನೆ. ಇಲ್ಲಿ ನಾವು ಬಯಸುವುದು ಅವನು ಮನೆ ಮುಟ್ಟಲೆಂದು.

ನಿಜಕ್ಕೂ ಈ ಕರ್ತವ್ಯ ರಸ್ತೆಗಿಂತ ಮೊದಲೇ, ಮದುವೆ ಮನೆಯ ಹಿತ್ತಲಲ್ಲಿ, ಜಾತ್ರೆಯ ಬಯಲಿನಲ್ಲಿ ಆರಂಭವಾಗುತ್ತದೆ. ಅದೇ ಕಾಯಿದೆಯ 188ನೆಯ ಕಲಮು ಇಂತಹ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆಯನ್ನು ವಿಧಿಸುತ್ತದೆ. ಮಹಾಭಾರತದ ಮೌಸಲಪರ್ವದಲ್ಲಿ ದ್ವಾರಕೆಯಲ್ಲಿ ಮದ್ಯ ತಯಾರಿಸಬಾರದೆಂದು ಡಂಗುರ ಸಾರಿದ್ದರೂ ಯಾದವರು ಪ್ರಭಾಸ ತೀರ್ಥದಲ್ಲಿ ಕುಡಿದು ತಮ್ಮತಮ್ಮಲ್ಲೇ ಹೊಡೆದಾಡಿ ಅಳಿದರು. ಡಂಗುರವೊಂದರಿಂದಲೇ ಯಾರೂ ಉಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಕೈ ಹಿಡಿದು ತಡೆಯುವವರು ಬೇಕು.

ನಮ್ಮ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸುವ ಪದ್ಧತಿ ಬಂದಿದೆ. ಒಡೆದ ಗಾಜು ಆನೆಯ ಕಾಲಿಗೆ ಚುಚ್ಚದಿರಲೆಂಬ ಕಾಳಜಿ ಅದರ ಹಿಂದಿದೆ, ಒಳ್ಳೆಯ ಕೆಲಸ. ಖಾಲಿಯಾದ ಬಾಟಲಿ ಎಲ್ಲಿಗೆ ಹೋಯಿತೆಂದು ಕೇಳುವ ನಾವು, ಅದನ್ನು ಖಾಲಿ ಮಾಡಿದವನು ಮನೆಗೆ ಹೇಗೆ ಹೋದನೆಂದೂ ಕೇಳಬೇಡವೇ? ನಮ್ಮ ಮನೆಗಳ ಸಮಾರಂಭಗಳಲ್ಲಿ ಅಡುಗೆಗೆ, ಚಪ್ಪರಕ್ಕೆ ಒಬ್ಬೊಬ್ಬರು ಹೊಣೆ ಹೊರುವಂತೆ, ವಾಹನಗಳ ಕೀಲಿ ಪಡೆದಿಟ್ಟುಕೊಂಡು, ಕುಡಿದವರನ್ನು ಮನೆ ಮುಟ್ಟಿಸುವ ಹೊಣೆಯನ್ನೂ ಒಬ್ಬರು ಹೊರಲಿ. ಆ ರಾತ್ರಿ ನಾಲ್ಕು ಬಿರುಸು ಮಾತು ಕೇಳಬೇಕಾಗಿ ಬಂದೀತು. ಕೀಲಿಯನ್ನು ಬೆಳಿಗ್ಗೆ ಮರಳಿ ಕೊಡಬಹುದು.